ಐದನೆಯ ಹೆಸರು

ವಿಶ್ವವಿದ್ಯಾಲಯವೊಂದರ ಪ್ರಾಚೀನ ಭಾಷೆಗಳ ವಿಭಾಗದ ಕಚೇರಿಯಲ್ಲಿ ನಾನು ಮೂವತ್ತೊಂದು ವರ್ಷ ಗುಮಾಸ್ತೆಯಾಗಿದ್ದೆ. ಯಾವ ವಿಶ್ವವಿದ್ಯಾಲಯ ಎಂದು ಬರೆಯುವುದಿಲ್ಲ. ಮೈಸೂರಿನಲ್ಲಿ ವಿಶ್ವವಿದ್ಯಾಲಯಗಳಿಗೇನೂ ಕೊರತೆಯಿಲ್ಲ. ಓದುವವರು ತಮಗೆ ಬೇಕಾದದ್ದನ್ನು ಅಂದುಕೊಳ್ಳಬಹುದು. ಅಷ್ಟು ವರ್ಷ ಅಲ್ಲಿದ್ದರೂ ನನಗೆ ಸಂಸ್ಕೃತ ಬರಲಿಲ್ಲ, ಪಾಲಿ ಬರಲಿಲ್ಲ, ಹಳಗನ್ನಡದ ಒಂದು ಪದ್ಯವೂ ಬಾಯಿಗೆ ಬರಲಿಲ್ಲ. ಐಚ್ಛಿಕದ ಪಟ್ಟಿ ಮಾಡುವುದೊಂದು ಬಂತು. ಆ ಪಟ್ಟಿಯಲ್ಲಿ ಒಮ್ಮೆ ಒಬ್ಬ ಹುಡುಗಿಯ ಹೆಸರನ್ನು ಬರೆಯಬಾರದ ಕಡೆ ಬರೆದೆ. ಆಮೇಲೆ ಅದನ್ನು ತಿದ್ದಬಹುದಾಗಿತ್ತು, ತಿದ್ದಲಿಲ್ಲ. ಈ ಕೆಲಸಕ್ಕೆ ಹೊಸದಾಗಿ ಬರುವವರು ಅದನ್ನು ತಿಳಿದಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಐಚ್ಛಿಕ ಎಂದರೆ ಏನೆಂದು ಮೊದಲು ಹೇಳಬೇಕು. ನಮ್ಮಲ್ಲಿ ಎಂ.ಎ.ಗೆ ಸೇರಿದವರು ಮೊದಲ ತಿಂಗಳಲ್ಲೇ ಒಂದು ದಾರಿ ಹಿಡಿಯಬೇಕು. ಆಗ ನಾಲ್ಕು ದಾರಿಗಳಿದ್ದವು: ಅಲಂಕಾರ (ಸಂಸ್ಕೃತದ ಕಾವ್ಯಶಾಸ್ತ್ರ), ಹಳಗನ್ನಡ ಕಾವ್ಯ, ಪಾಲಿ, ಶಾಸನ. ಮಿಕ್ಕ ಪಾಠಗಳೆಲ್ಲ ಎಲ್ಲರಿಗೂ ಒಂದೇ. ಆದರೆ ಈ ಒಂದು ಆಯ್ಕೆ ಎರಡು ವರ್ಷ ಜೊತೆಗಿರುತ್ತದೆ, ಅಂಕಪಟ್ಟಿಯಲ್ಲಿ ಅಚ್ಚಾಗುತ್ತದೆ, ಮುಂದೆ ಸಂಶೋಧನೆ ಮಾಡುತ್ತೇನೆಂದರೆ ಅದನ್ನೇ ನೋಡಿ ಹೂಂ ಅಥವಾ ಉಹೂಂ ಅನ್ನುತ್ತಾರೆ. ಇಷ್ಟು ದೊಡ್ಡ ವಿಷಯಕ್ಕೆ ಅರ್ಜಿಯಲ್ಲಿ ಒಂದೂವರೆ ಅಂಗುಲ ಜಾಗ ಬಿಟ್ಟಿದ್ದರು. ಜಾತಿ, ಧರ್ಮ, ತಂದೆಯ ಉದ್ಯೋಗಕ್ಕೆ ಇದಕ್ಕಿಂತ ಹೆಚ್ಚು ಜಾಗವಿತ್ತು.

ಇನ್ನೊಂದು ನಿಯಮವಿತ್ತು. ಒಂದು ಐಚ್ಛಿಕಕ್ಕೆ ಐದು ಜನ ಸೇರದಿದ್ದರೆ ಆ ಸಾಲಿನವರಿಗೆ ಅದು ನಡೆಯುವುದಿಲ್ಲ. ಸೇರಿದ ನಾಲ್ವರನ್ನು ಬೇರೆ ಕಡೆ ಹಂಚಬೇಕು. ನಾಲ್ಕಕ್ಕೂ ಐದಕ್ಕೂ ಇರುವ ವ್ಯತ್ಯಾಸ ಏನೆಂದು ನನಗೆ ಈ ವಿಭಾಗಕ್ಕೆ ಬರುವ ಮುಂಚೆ ಗೊತ್ತಿರಲಿಲ್ಲ.

ವಿದ್ಯಾರ್ಥಿಗಳು ದಾರಿ ಹೇಗೆ ಆರಿಸುತ್ತಾರೆ ಎಂಬುದರ ಬಗ್ಗೆ ಪ್ರಾಧ್ಯಾಪಕರಿಗೆ ಬಹಳ ಗೌರವಯುತವಾದ ಕಲ್ಪನೆಗಳಿದ್ದವು. ಅಭಿರುಚಿ, ಪ್ರತಿಭೆ, ಸಂಸ್ಕಾರ ಎಂದೆಲ್ಲ ಹೇಳುತ್ತಿದ್ದರು. ಕಚೇರಿಯ ಕಿಟಕಿಯ ಈಚೆ ಕೂತವಳಿಗೆ ಕಂಡದ್ದು ಬೇರೆ. ಒಬ್ಬ ಪಾಲಿ ತೆಗೆದುಕೊಂಡದ್ದು ಆ ತರಗತಿ ನೆಲಮಹಡಿಯಲ್ಲಿದೆ ಎಂದು. ಒಬ್ಬಳು ಹಳಗನ್ನಡ ಹಿಡಿದದ್ದು ಅದಕ್ಕೆ ಶನಿವಾರ ಪಾಠವಿಲ್ಲ, ಊರಿನ ಬಸ್ಸು ಸಿಗುತ್ತದೆ ಎಂದು. ಅಲಂಕಾರಕ್ಕೆ ಹೋಗುವವರಲ್ಲಿ ಅರ್ಧ ಜನ ಅದು ಸುಲಭ ಎಂದು ಕೇಳಿ ಹೋಗುತ್ತಿದ್ದರು. ಹಾಗೆ ಹೇಳಿ ಕಳಿಸುತ್ತಿದ್ದವರು ಅದರಲ್ಲಿ ಫೇಲಾದವರು. ನನ್ನ ಹತ್ತಿರವೇ ಸಲಹೆ ಕೇಳುವವರೂ ಇದ್ದರು. ‘ಮೇಡಂ, ಯಾವ್ದು ಚೆನ್ನಾಗಿದೆ?’ ಎಂದು, ತರಕಾರಿ ಅಂಗಡಿಯಲ್ಲಿ ಕೇಳಿದ ಹಾಗೆ. ಗುಮಾಸ್ತರು ಸಲಹೆ ಕೊಡಬಾರದು ಎಂಬುದು ಲಿಖಿತ ನಿಯಮ. ನಾನು ಕೊಡುತ್ತಿರಲಿಲ್ಲ. ಕೊಡುವಷ್ಟು ಗೊತ್ತೂ ಇರಲಿಲ್ಲ.

ನಾನು ಹಲವು ಮುಖ್ಯಸ್ಥರ ಕೈಕೆಳಗೆ ಕೆಲಸ ಮಾಡಿದೆ. ಈ ಬರಹಕ್ಕೆ ಒಬ್ಬರು ಸಾಕು. ಅವರು ಅಲಂಕಾರದ ಪ್ರಾಧ್ಯಾಪಕರು. ಕಾಗದದಲ್ಲಿ ತಪ್ಪು ಕಂಡರೆ ಕೂಗಾಡುತ್ತಿರಲಿಲ್ಲ. ಕಾಗದವನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, ‘ವನಜಾಕ್ಷಿಯವರೇ, ಇದು ಯಾರ ಕೃತಿ?’ ಎಂದು ಕೇಳುತ್ತಿದ್ದರು. ಇದಕ್ಕಿಂತ ಕೂಗಾಡಿದ್ದರೆ ಚೆನ್ನಾಗಿತ್ತು.

ಪ್ರತಿ ವರ್ಷ ಐಚ್ಛಿಕ ಆರಿಸುವ ಮುಂಚೆ ಪರಿಚಯ ದಿನ ಎಂದು ನಡೆಯುತ್ತಿತ್ತು. ಹೊಸ ವಿದ್ಯಾರ್ಥಿಗಳನ್ನು ಸಭಾಂಗಣದಲ್ಲಿ ಕೂರಿಸಿ, ನಾಲ್ವರು ಅಧ್ಯಾಪಕರೂ ತಮ್ಮ ತಮ್ಮ ವಿಷಯದ ಬಗ್ಗೆ ಹದಿನೈದು ನಿಮಿಷ ಮಾತಾಡಬೇಕು. ಕೊನೆಗೆ ಬೋಂಡ, ಕಾಫಿ. ಮುಖ್ಯಸ್ಥರು ರಸದ ಬಗ್ಗೆ ಒಂದು ಗಂಟೆ ಹತ್ತು ನಿಮಿಷ ಮಾತಾಡುತ್ತಿದ್ದರು. ಅಷ್ಟು ಹೊತ್ತಿಗೆ ಬೋಂಡ ಆರಿಹೋಗಿರುತ್ತಿತ್ತು. ಹಳಗನ್ನಡದವರು ಹಾಡುತ್ತಿದ್ದರು. ಪಾಲಿಯವರು ತಮ್ಮ ಪತ್ರಿಕೆಗೆ ಅಂಕ ಚೆನ್ನಾಗಿ ಬರುತ್ತದೆ ಎಂದು ಎದ್ದ ತಕ್ಷಣ ಹೇಳಿಬಿಡುತ್ತಿದ್ದರು.

ಶಾಸನದ ಮೇಷ್ಟ್ರು ಗುರುಮಲ್ಲಪ್ಪನವರದು ಬೇರೆಯೇ ರೀತಿ. ಚಾಮರಾಜಪುರಂನಿಂದ ಸೈಕಲ್ಲಿನಲ್ಲಿ ಬರುತ್ತಿದ್ದ ಸಣ್ಣ ಆಳು. ಕಂಕುಳಲ್ಲಿ ಒಂದು ಕಾಗದದ ಸುರುಳಿ. ಕಲ್ಲಿನ ಮೇಲೆ ಒದ್ದೆ ಕಾಗದ ಹಾಸಿ, ಬ್ರಷ್ಷಿನಿಂದ ಕುಟ್ಟಿ, ಮಸಿ ಮೆತ್ತಿ ತೆಗೆದ ಶಾಸನದ ಅಚ್ಚು ಅದು. ಮುಂದಿನ ಸಾಲಿನ ಒಬ್ಬ ವಿದ್ಯಾರ್ಥಿಯನ್ನು ಎಬ್ಬಿಸಿ ಸುರುಳಿಯ ಒಂದು ತುದಿ ಕೊಡುತ್ತಿದ್ದರು, ಇನ್ನೊಂದು ತುದಿ ತಾವು ಹಿಡಿಯುತ್ತಿದ್ದರು. ಒಂದು ಸಾಲು ಓದುತ್ತಿದ್ದರು. ಆಮೇಲೆ, ‘ಕಲ್ಲಿನ ಮೇಲಿದೆ ಅಂತ ನಿಜ ಅಂದ್ಕೋಬೇಡಿ. ಸುಳ್ಳೂ ಇರಬಹುದು. ಕಲಿತ್ಕೊಂಡು ನೀವೇ ನೋಡಿ’ ಎಂದು ಹೇಳಿ ಕೂತುಬಿಡುತ್ತಿದ್ದರು. ನಾಲ್ಕು ನಿಮಿಷ. ನಾನು ಗಡಿಯಾರ ನೋಡಿದ್ದೇನೆ. ಅವರ ಪತ್ರಿಕೆಗೆ ಒಂದು ವರ್ಷ ಐದು, ಒಂದು ವರ್ಷ ಆರು, ಮತ್ತೆ ಐದು ಹೀಗೆ ಬರುತ್ತಿದ್ದರು. ಅದಕ್ಕಿಂತ ಕಡಿಮೆಯಾದದ್ದನ್ನು ಅದುವರೆಗೆ ನಾನು ಕಂಡಿರಲಿಲ್ಲ.

ನನ್ನ ಮೊದಲ ದೊಡ್ಡ ತಪ್ಪು ಒಂದು ಪ್ರೇಮಪ್ರಕರಣದಲ್ಲಿ ಆಯಿತು. ಪದವಿ ಕಾಲೇಜಿನಿಂದಲೇ ಜೊತೆಯಾಗಿ ಬಂದ ಒಬ್ಬ ಹುಡುಗ, ಒಬ್ಬ ಹುಡುಗಿ ಇಬ್ಬರೂ ಹಳಗನ್ನಡ ತೆಗೆದುಕೊಂಡರು. ಎರಡನೆಯ ವಾರ ಜಗಳವಾಯಿತು. ಪಟ್ಟಿ ಸಿದ್ಧವಾದ ಮೇಲೂ ಐದು ದಿನ ಐಚ್ಛಿಕ ಬದಲಾಯಿಸಲು ಅವಕಾಶವಿರುತ್ತಿತ್ತು, ಒಬ್ಬರಿಗೆ ಒಂದೇ ಸಲ. ಬೆಳಿಗ್ಗೆ ಹುಡುಗಿ ಬಂದು, ‘ಮೇಡಂ, ಅವ್ನಿರೋ ಕ್ಲಾಸಲ್ಲಿ ನಾನ್ ಕೂರಲ್ಲ’ ಎಂದಳು. ಅಲಂಕಾರಕ್ಕೆ ಬರೆದೆ. ಮಧ್ಯಾಹ್ನ ಊಟದ ಡಬ್ಬಿ ತೆಗೆಯುವ ಹೊತ್ತಿಗೆ ಹುಡುಗ ಬಂದು, ‘ಮೇಡಂ, ಅವ್ಳಿಲ್ದಿರೋ ಕಡೆ ಎಲ್ಲಿಗಾದ್ರೂ ಹಾಕ್ಬುಡಿ’ ಎಂದ. ಹಸಿವಾಗಿತ್ತು. ಅವನನ್ನೂ ಅಲಂಕಾರಕ್ಕೆ ಬರೆದೆ.

ಸೋಮವಾರ ಇಬ್ಬರೂ ಒಟ್ಟಿಗೆ ಕಿಟಕಿಗೆ ಬಂದರು. ಬದಲಾವಣೆ ಒಂದೇ ಸಲ, ಅದು ಮುಗಿದಿತ್ತು. ಮುಖ್ಯಸ್ಥರು ಕಾಗದ ಎತ್ತಿ ಹಿಡಿದು, ಇದು ಯಾರ ಕೃತಿ ಎಂದು ಕೇಳಿದರು. ಇನ್ನೊಂದು ಇಂಥ ತಪ್ಪಾದರೆ ಕುಲಸಚಿವರಿಗೆ ಬರೆಯುವುದಾಗಿಯೂ ಹೇಳಿದರು. ಆ ಇಬ್ಬರು ಎರಡು ವರ್ಷ ಒಂದೇ ಬೆಂಚಿನ ಎರಡು ತುದಿಯಲ್ಲಿ ಕೂತು ಶೃಂಗಾರರಸ ಓದಿದರು. ಕೊನೆಗೆ ಇಬ್ಬರ ಮದುವೆಯ ಆಹ್ವಾನಪತ್ರಿಕೆಯೂ ಬಂತು, ಒಂದೇ ಪತ್ರಿಕೆ. ನಾನು ಮದುವೆಗೆ ಹೋಗಲಿಲ್ಲ. ಮುಂದೆ ಏನಾದರೂ ಆದರೆ ಇದಕ್ಕೂ ನನ್ನನ್ನೇ ಕೇಳಿಯಾರು ಎಂಬ ಭಯ.

ಈ ಕತೆಯನ್ನು ಎಲ್ಲರ ಹತ್ತಿರವೂ ನಗುತ್ತಾ ಹೇಳುತ್ತೇನೆ. ಮುಂದಿನದನ್ನು ಇದುವರೆಗೆ ಹೇಳಿದ್ದು ಇಬ್ಬರಿಗೆ ಮಾತ್ರ.

ಆ ತಪ್ಪಾಗಿ ವರ್ಷ ಕಳೆದಿತ್ತು, ಅಷ್ಟೇ. ಸುಜಾತ ಎಂಬ ಹುಡುಗಿ ಮೊದಲ ದಿನವೇ ಅರ್ಜಿ ತಂದುಕೊಟ್ಟಿದ್ದಳು. ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಜಡೆ, ಅರ್ಜಿಯಲ್ಲಿ ಒಂದೂ ಚಿತ್ತಿಲ್ಲ. ಐಚ್ಛಿಕದ ಜಾಗ ಮಾತ್ರ ಖಾಲಿ. ‘ಪರಿಚಯ ದಿನ ಆಗ್ಲಿ ಮೇಡಂ, ಎಲ್ಲಾರ್ದೂ ಕೇಳ್ಬುಟ್ಟು ಬರ್ದುಕೊಡ್ತೀನಿ’ ಎಂದಳು. ನನ್ನ ಸೇವೆಯಲ್ಲಿ ಇಷ್ಟು ವಿವೇಕದ ಮಾತನ್ನು ಇನ್ನೊಬ್ಬ ವಿದ್ಯಾರ್ಥಿಯ ಬಾಯಲ್ಲಿ ಕೇಳಿದ ನೆನಪಿಲ್ಲ. ಪರಿಚಯ ದಿನ ಗುರುಮಲ್ಲಪ್ಪನವರ ಸುರುಳಿಯ ತುದಿ ಹಿಡಿದವಳು ಅವಳೇ. ಆಮೇಲೆ ಕಚೇರಿಯ ಕಡೆ ಬರಲಿಲ್ಲ. ಕೊನೆಯ ದಿನ ನಾಲ್ಕು ಗಂಟೆಯಾದರೂ ಬರಲಿಲ್ಲ.

ಐದು ಗಂಟೆಗೆ ಪಟ್ಟಿ ಮೇಜಿನ ಮೇಲಿರಬೇಕು ಎಂದು ಮುಖ್ಯಸ್ಥರು ಹೇಳಿದ್ದರು. ಎಣಿಸಿದೆ. ಅಲಂಕಾರಕ್ಕೆ ಹತ್ತೊಂಬತ್ತು, ಹಳಗನ್ನಡಕ್ಕೆ ಹದಿನಾಲ್ಕು. ಪಾಲಿಗೆ ನಾಲ್ಕು. ಶಾಸನಕ್ಕೂ ನಾಲ್ಕು. ಕೈಯಲ್ಲಿ ಉಳಿದದ್ದು ಸುಜಾತಳ ಅರ್ಜಿ ಒಂದೇ.

ಯಾರಾದರೂ ಹುಡುಗರನ್ನು ಕಳಿಸಿ ಹಾಸ್ಟೆಲ್ಲಿನಲ್ಲಿ ವಿಚಾರಿಸಬಹುದಿತ್ತು. ಅವಳ ಹೆಸರಿನ ಮುಂದೆ ‘ತಿಳಿಸಿಲ್ಲ’ ಎಂದು ಬರೆದು ಪಟ್ಟಿಯನ್ನು ಹಾಗೇ ಇಡಬಹುದಿತ್ತು. ನಾನು ಮಾಡಿದ್ದು ಇಷ್ಟು: ಅರ್ಜಿಯನ್ನು ಮೇಲಿನಿಂದ ಓದಿದೆ. ಧರ್ಮ ಎಂಬಲ್ಲಿ ‘ಬೌದ್ಧ’ ಎಂದಿತ್ತು. ತಂದೆ ಆಟೋ ಚಾಲಕ. ಬೌದ್ಧರ ಮನೆಯ ಹುಡುಗಿ, ಬುದ್ಧನ ಮಾತೆಲ್ಲ ಇರುವ ಪಾಲಿಗಲ್ಲದೆ ಇನ್ನೆಲ್ಲಿಗೆ ಹೋಗುತ್ತಾಳೆ ಎಂದುಕೊಂಡೆ. ಪಾಲಿಯ ಐದನೆಯ ಹೆಸರಾಗಿ ಟೈಪು ಮಾಡಿದೆ. ಸುಳ್ಳೇಕೆ ಹೇಳಲಿ, ಆ ಗಳಿಗೆಯಲ್ಲಿ ನನಗೆ ತಪ್ಪು ಮಾಡುತ್ತಿದ್ದೇನೆ ಎಂದು ಅನ್ನಿಸಲೇ ಇಲ್ಲ. ಒಂದು ಉಪಕಾರ ಮಾಡಿದೆ ಎಂದೇ ಅನ್ನಿಸಿತು. ಪಾಲಿ ಉಳಿಯಿತು. ಶಾಸನದ ನಾಲ್ವರನ್ನು ಅಲಂಕಾರಕ್ಕೂ ಹಳಗನ್ನಡಕ್ಕೂ ಹಂಚಿ, ಮೂರು ಪ್ರತಿ ತೆಗೆದು, ಐದಕ್ಕೆ ಐದು ನಿಮಿಷವಿರುವಾಗ ಮೇಜಿನ ಮೇಲಿಟ್ಟು ಮನೆಗೆ ಹೋದೆ.

ಮರುದಿನ ಹತ್ತೂಕಾಲಿಗೆ ಸುಜಾತ ಕಿಟಕಿಯ ಹೊರಗೆ ನಿಂತಿದ್ದಳು.

‘ಮೇಡಂ, ಐಚ್ಛಿಕ ಬರ್ಕೊಡ್ಬೇಕಿತ್ತು. ಅಮ್ಮನ್ನ ಆಸ್ಪತ್ರೆಗೆ ಸೇರಿಸಿದ್ವಿ, ನೆನ್ನೆ ಬರಕ್ಕಾಗ್ಲಿಲ್ಲ. ಶಾಸನ ಮೇಡಂ.’

‘ನಿನ್ನ ಹೆಸ್ರು ಪಾಲಿಗೆ ಹಾಕಿದೀನಿ ಕಣಮ್ಮ.’

ಅವಳಿಗೆ ಅರ್ಥವಾಗಲಿಲ್ಲ. ‘ನಾನು ಏನೂ ಬರ್ದಿರ್ಲಿಲ್ವಲ್ಲ ಮೇಡಂ?’

‘ನೀನು ಖಾಲಿ ಬಿಟ್ಟಿದ್ದೆ. ಯಾವ್ದಾದ್ರೂ ಒಂದು ಹಾಕ್ಬೇಕಲ್ಲ. ನಿಮ್ಮವ್ರಿಗೆ ಅದೇ ಒಳ್ಳೇದು.’

‘ಚೇಂಜ್ ಮಾಡಕ್ಕಾಗಲ್ವ ಮೇಡಂ?’

‘ತಾರೀಖು ಆಗೋಯ್ತು. ಲಿಸ್ಟೂ ಹೋಗ್ಬುಡ್ತು.’

ಪಟ್ಟಿ ಎಲ್ಲಿಗೂ ಹೋಗಿರಲಿಲ್ಲ. ನನ್ನ ಬೆನ್ನ ಹಿಂದಿನ ಕೋಣೆಯಲ್ಲಿ, ಮುಖ್ಯಸ್ಥರ ಮೇಜಿನ ಮೇಲೆ, ಸಹಿಯೂ ಆಗದೆ ಬಿದ್ದಿತ್ತು. ಬದಲಾವಣೆಗೆ ಐದು ದಿನ ಪೂರ್ತಿ ಬಾಕಿಯಿತ್ತು. ಆ ನೋಟೀಸನ್ನು ಟೈಪು ಮಾಡಿ ಬೋರ್ಡಿಗೆ ಚುಚ್ಚಿದವಳೂ ನಾನೇ. ಆದರೆ ತಿದ್ದಬೇಕಾದರೆ ಒಳಗೆ ಹೋಗಿ, ಖಾಲಿ ಅರ್ಜಿಯನ್ನು ನಾನೇ ತುಂಬಿದೆ ಎಂದು ಹೇಳಬೇಕಿತ್ತು. ಇದು ಯಾರ ಕೃತಿ ಎಂದು ಕೇಳುತ್ತಿದ್ದರು. ನನಗೆ ಅದನ್ನು ಇನ್ನೊಮ್ಮೆ ಕೇಳಿಸಿಕೊಳ್ಳುವ ಧೈರ್ಯವಿರಲಿಲ್ಲ.

ಅವಳನ್ನು ಶಾಸನಕ್ಕೆ ಹಾಕಿದ್ದರೆ ಪಾಲಿ ನಾಲ್ಕಕ್ಕೆ ಇಳಿಯುತ್ತಿತ್ತು, ಆ ನಾಲ್ವರ ಗತಿ ಏನಾಗುತ್ತಿತ್ತು ಎಂದು ನೀವು ಕೇಳಬಹುದು. ನಾನೂ ಬಹಳ ವರ್ಷ ಅದನ್ನೇ ಹೇಳಿಕೊಂಡು ಸಮಾಧಾನ ಪಟ್ಟುಕೊಂಡೆ. ಆದರೆ ಆ ನಾಲ್ವರು ನನಗೆ ನೆನಪಾದದ್ದು ಎರಡು ದಿನದ ಮೇಲೆ. ಸುಳ್ಳು ಬಾಯಿಗೆ ಬಂದದ್ದು ಆ ಕ್ಷಣದಲ್ಲೇ.

ಸುಜಾತ, ‘ಸರಿ ಮೇಡಂ’ ಎಂದಳು. ಶಾಸನ ಯಾಕೆ ಬೇಕಿತ್ತಮ್ಮ ಎಂದು ನಾನು ಕೇಳಲಿಲ್ಲ. ಕಿಟಕಿಯಲ್ಲಿ ಕೂತವರಿಗೆ ಯಾಕೆ ಎಂದು ಕೇಳುವ ಅಭ್ಯಾಸವಿರುವುದಿಲ್ಲ. ಅವಳು ಹೋದಳು, ನಾನು ಅಂಕಪಟ್ಟಿಗಳಿಗೆ ಮೊಹರು ಹಾಕಲು ಕೂತೆ.

ಗುರುಮಲ್ಲಪ್ಪನವರು ಬಂದದ್ದು ಮಧ್ಯಾಹ್ನ. ಬರುವ ಏಪ್ರಿಲಿಗೆ ಅವರ ನಿವೃತ್ತಿ. ಅದು ಅವರಿಗೆ ಸಿಗಬೇಕಿದ್ದ ಕೊನೆಯ ಹೊಸ ತಂಡ. ‘ಎಷ್ಟು ಜನ ಬಂದ್ರಮ್ಮ?’ ಎಂದರು.

‘ನಾಲ್ಕು ಸಾರ್.’

‘ನಾಲ್ಕೇನಾ? ಸರಿಯಾಗಿ ನೋಡಿದ್ರಾ?’

‘ನೋಡ್ದೆ ಸಾರ್.’

ಅವರು ಕಂಕುಳಲ್ಲಿದ್ದ ಸುರುಳಿಯನ್ನು ನನ್ನ ಬೀರುವಿನ ಮೇಲಿಟ್ಟು, ಬೇಕಾದಾಗ ತಗೊಂಡು ಹೋಗುತ್ತೇನೆ ಎಂದು ಹೇಳಿ ಹೋದರು. ನಿವೃತ್ತಿಯ ದಿನದ ಸಮಾರಂಭದಲ್ಲಿ ಮುಖ್ಯಸ್ಥರು ಒಂದು ಗಂಟೆ ಮಾತಾಡಿದರು. ಗುರುಮಲ್ಲಪ್ಪನವರು ಎರಡು ನಿಮಿಷ. ‘ನಾನೂ ನನ್ನ ಪತ್ರಿಕೆಯೂ ಒಟ್ಟಿಗೇ ನಿವೃತ್ತಿ ಆಗ್ತಾ ಇದೀವಿ. ಹಾರ ಒಂದೇ ಸಾಕು, ಉಳಿತಾಯ’ ಎಂದರು. ಎಲ್ಲರೂ ನಕ್ಕರು. ನಾನು ಕಾಫಿ ಲೋಟ ಎಣಿಸುವವಳ ಹಾಗೆ ಹೊರಗೆ ಹೋದೆ.

ಅವರು ಹೇಳಿದ್ದು ಹಾಗೇ ಆಯಿತು. ಕೇಳುವವರಿಲ್ಲದ ವಿಷಯಕ್ಕೆ ಹೊಸ ಹುದ್ದೆ ಯಾಕೆ ಎಂದು ಮೇಲಿನವರು ಬರೆದರು. ಮುಂದಿನ ವರ್ಷದ ಅರ್ಜಿಯಲ್ಲಿ ಶಾಸನ ಎಂಬ ಪದವೇ ಇರಲಿಲ್ಲ. ಆ ಅರ್ಜಿಯ ಕರಡನ್ನು ಟೈಪು ಮಾಡಿದ್ದೂ ನಾನೇ. ನಾಲ್ಕು ಸಾಲಿದ್ದ ಕಡೆ ಮೂರು ಸಾಲು ಹೊಡೆದೆ.

ಕೆಲಸದ ರೀತಿ ಬದಲಾದ ಬಗ್ಗೆಯೂ ಒಂದಿಷ್ಟು ಹೇಳಬೇಕು, ಇಲ್ಲದಿದ್ದರೆ ಇದು ಬರೀ ತಪ್ಪೊಪ್ಪಿಗೆ ಆಗಿಬಿಡುತ್ತದೆ. ಟೈಪ್‌ರೈಟರ್ ಹೋಗಿ ಕಂಪ್ಯೂಟರ್ ಬಂತು, ಆಮೇಲೆ ಅರ್ಜಿಯೇ ಆನ್‌ಲೈನ್ ಆಯಿತು. ಇನ್ನು ಮೇಲೆ ಗುಮಾಸ್ತರ ಕೈಯಿಂದ ತಪ್ಪಾಗುವುದಿಲ್ಲ ಎಂದು ತರಬೇತಿಯಲ್ಲಿ ಹೇಳಿಕೊಟ್ಟರು. ಮೊದಲ ವರ್ಷವೇ ನಲವತ್ತು ವಿದ್ಯಾರ್ಥಿಗಳಲ್ಲಿ ಮೂವತ್ತಾರು ಜನ ಅಲಂಕಾರಕ್ಕೆ ಬಂದರು. ಆಗಿನ ಮುಖ್ಯಸ್ಥರೂ ಅಲಂಕಾರದವರೇ. ಸಂತೋಷವಾಗಿ ವಿಭಾಗಕ್ಕೆಲ್ಲ ಮೈಸೂರುಪಾಕು ಹಂಚಿದರು. ಪ್ರಾಚೀನ ಸೌಂದರ್ಯಪ್ರಜ್ಞೆ ಯುವಜನರಲ್ಲಿ ಮತ್ತೆ ಚಿಗುರುತ್ತಿದೆ ಎಂದು ಒಂದು ಲೇಖನವನ್ನೂ ಬರೆದರು. ಆಮೇಲೆ ನೋಡಿದರೆ ಕಂಪ್ಯೂಟರಿನ ಪಟ್ಟಿಯಲ್ಲಿ ಅಕಾರಾದಿಯಾಗಿ ಅಲಂಕಾರ ಮೊದಲಿತ್ತು. ಯಾರು ಏನನ್ನೂ ಮುಟ್ಟದೆ ಮುಂದೆ ಹೋದರೂ ಅದೇ ಆಯ್ಕೆಯಾಗುತ್ತಿತ್ತು. ಅಷ್ಟು ಹೊತ್ತಿಗೆ ಮೈಸೂರುಪಾಕು ಖಾಲಿಯಾಗಿತ್ತು, ಲೇಖನ ಅಚ್ಚಾಗಿತ್ತು. ನಾನು ಮುಖ್ಯಸ್ಥರಿಗೆ ಹೇಳಲಿಲ್ಲ. ಖಾಲಿ ಬಿಟ್ಟ ಜಾಗವನ್ನು ತಾನೇ ತುಂಬುವುದನ್ನು ಆ ಯಂತ್ರಕ್ಕೆ ಯಾರೂ ಬೇರೆ ಹೇಳಿಕೊಡಬೇಕಿರಲಿಲ್ಲ ಎಂದು ಮಾತ್ರ ಅನ್ನಿಸಿತು.

ನಿವೃತ್ತಿಯಾಗಿ ಎರಡು ವರ್ಷವಾಯಿತು. ಮೊನ್ನೆ ಒಂಟಿಕೊಪ್ಪಲಿನಲ್ಲಿ ನಮ್ಮ ಮನೆಯ ಹತ್ತಿರದ ಹೂವಿನಂಗಡಿಯ ಮುಂದೆ ಒಬ್ಬ ಹೆಂಗಸು ನನ್ನನ್ನೇ ನೋಡುತ್ತಿದ್ದರು. ‘ಡಿಪಾರ್ಟ್‌ಮೆಂಟಿನ ಮೇಡಂ ಅಲ್ವಾ? ನಾನು ಸುಜಾತ. ಪಾಲಿ’ ಎಂದರು. ಕಿಟಕಿಯಲ್ಲಿ ಅವರನ್ನು ಏಕವಚನದಲ್ಲಿ ಮಾತಾಡಿಸಿದ್ದೆ, ಈಗ ಬಾಯಿ ಬರಲಿಲ್ಲ. ಕಾಫಿಗೆ ಬನ್ನಿ ಎಂದು ಮನೆಗೆ ಕರೆದುಕೊಂಡು ಬಂದೆ.

ದಟ್ಟಗಳ್ಳಿಯಲ್ಲಿ ಮನೆ ಕಟ್ಟಿದ್ದಾರಂತೆ. ಪದವಿಪೂರ್ವ ಕಾಲೇಜೊಂದರಲ್ಲಿ ಕನ್ನಡ ಉಪನ್ಯಾಸಕಿ. ಭಾನುವಾರ ಸಂಜೆ ಬಡಾವಣೆಯ ಮಕ್ಕಳನ್ನು ಕೂರಿಸಿಕೊಂಡು ಪಾಲಿ ಹೇಳಿಕೊಡುತ್ತಾರೆ. ಅವರು ಇದನ್ನೆಲ್ಲ ಹೇಳುತ್ತಿರುವಾಗ ಸುಮ್ಮನೆ ಕೇಳಿಸಿಕೊಂಡು ಕಳಿಸಿಬಿಡಬಹುದಿತ್ತು. ಎಲ್ಲ ಒಳ್ಳೆಯದೇ ಆಯಿತಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುವುದಕ್ಕೆ ಅಷ್ಟು ಸಾಕಿತ್ತು. ಆದರೆ ಕಿಟಕಿಯ ಆಚೆ ಅವರು, ಈಚೆ ನಾನು ಇದ್ದ ಕಾಲ ಮುಗಿದು, ಒಂದೇ ಸೋಫಾದ ಮೇಲೆ ಕೂತಿದ್ದೆವು. ಹೇಳಿದೆ. ಆವತ್ತು ತಾರೀಖು ಆಗಿರಲಿಲ್ಲ ಸುಜಾತಾ, ಐದು ದಿನ ಇತ್ತು, ನಾನು ಸುಳ್ಳು ಹೇಳಿದೆ ಎಂದೆ.

ಅವರು ಲೋಟ ಕೆಳಗಿಟ್ಟರು.

‘ಗೊತ್ತಿತ್ತು ಮೇಡಂ. ನೋಟೀಸು ಬೋರ್ಡಲ್ಲಿತ್ತಲ್ಲ. ನೀವು ಹೇಳಿದ್ಮೇಲೆ ಹೊರಗ್ ಬಂದು ಅದನ್ನೇ ಓದ್ಕೊಂಡು ನಿಂತಿದ್ದೆ.’

‘ಗೊತ್ತಿತ್ತಾ? ಮತ್ತೆ ವಾಪಸ್ ಬಂದು ಯಾಕ್ ಕೇಳ್ಲಿಲ್ಲ?’

‘ಎಂಗೆ ಕೇಳೋದು ಮೇಡಂ? ಸ್ಕಾಲರ್‌ಶಿಪ್ ಫಾರ್ಮಿಗೆ, ಹಾಸ್ಟೆಲ್ ಸರ್ಟಿಫಿಕೇಟಿಗೆ ಎರಡು ವರ್ಷ ನಿಮ್ ಹತ್ರಾನೇ ಬರ್ಬೇಕಿತ್ತಲ್ಲ.’

ಸಿಟ್ಟಿನಿಂದ ಹೇಳಲಿಲ್ಲ. ಬಸ್ಸಿನ ಹೊತ್ತು ಹೇಳುವ ಹಾಗೆ ಹೇಳಿದರು. ಆ ಎರಡು ವರ್ಷ ಅವರು ಕಿಟಕಿಗೆ ಬಂದಾಗಲೆಲ್ಲ ನಾನು ಅವರ ಕಾಗದವನ್ನು ಮೊದಲು ಮಾಡಿಕೊಡುತ್ತಿದ್ದೆ, ಅದನ್ನು ಒಂದು ಪ್ರಾಯಶ್ಚಿತ್ತ ಎಂದುಕೊಂಡಿದ್ದೆ. ಅವರು ಪ್ರತಿ ಸಲ ಹೆದರಿಕೊಂಡು ಬಂದು ನಿಲ್ಲುತ್ತಿದ್ದರು ಎಂಬುದು ನನ್ನ ತಲೆಗೆ ಹೋಗಿರಲೇ ಇಲ್ಲ. ನನಗೆ ಬಹಳ ನಾಚಿಕೆಯಾಯಿತು. ತಪ್ಪಾಯಿತು ಎಂದೆ. ಮೂವತ್ತೊಂದು ವರ್ಷದ ಸೇವೆಯಲ್ಲಿ ವಿದ್ಯಾರ್ಥಿಯೊಬ್ಬರಿಗೂ ಆ ಮಾತು ಹೇಳಿರಲಿಲ್ಲ.

‘ಪಾಲಿ ಚೆನ್ನಾಗೇ ಇತ್ತು ಮೇಡಂ. ಈಗ ಬಿಡು ಅಂದ್ರೆ ಬಿಡಲ್ಲ. ಅದು ಬೇರೆ ಮಾತು’ ಎಂದರು.

‘ಶಾಸನ ಯಾಕ್ ಬೇಕಿತ್ತು?’ ನಾನು ಕೇಳಿದೆ. ಇಪ್ಪತ್ತು ವರ್ಷದ ಮೇಲಾಗಿತ್ತು.

ಅವರ ತಾಯಿಯ ಊರು ನಂಜನಗೂಡಿನ ಆಚೆ. ಅಲ್ಲಿ ಅವರ ಕೇರಿಯ ಬಾವಿಯ ಪಕ್ಕ ಒಂದು ಬರಹದ ಕಲ್ಲಿದೆಯಂತೆ. ಈ ಬಾವಿ ನಿಮ್ಮದಲ್ಲ, ಈ ಕಲ್ಲು ದಾಟಿ ಬರಬಾರದು ಎಂದು ಅದರಲ್ಲಿ ಬರೆದಿದೆ ಅನ್ನುತ್ತಾರೆ ಮೇಲಿನ ಬೀದಿಯವರು. ಬಾವಿ ತೋಡಿದವರು ನಾವೇ, ಅದನ್ನೇ ಬರೆದಿದೆ ಅನ್ನುತ್ತಿದ್ದರು ಅವರ ಅಜ್ಜಿ. ಎರಡು ಕಡೆಯವರಲ್ಲಿ ಒಬ್ಬರಿಗೂ ಆ ಅಕ್ಷರ ಬರುವುದಿಲ್ಲ. ಗುರುಮಲ್ಲಪ್ಪನವರ ಸುರುಳಿಯ ತುದಿ ಹಿಡಿದು ನಿಂತಾಗ ಅದೇ ಥರದ ಅಕ್ಷರ ಕಂಡಿತಂತೆ.

‘ಫೋಟೋ ತೆಗ್ದು ಯಾರ ಹತ್ರಾನಾದ್ರೂ ಓದಿಸ್ಬೋದಿತ್ತಲ್ಲ?’ ಎಂದೆ.

‘ಓದಿಸ್ಬೋದಿತ್ತು. ಆದ್ರೆ ಬೇರೆಯವ್ರು ಓದಿ ಹೇಳಿದ್ದನ್ನೇ ಅಲ್ವ ಮೇಡಂ ನಾವು ಇಷ್ಟು ದಿನ ಕೇಳ್ಕೊಂಡ್ ಬಂದಿರೋದು. ನಾನೇ ಓದ್ಬೇಕು ಅಂತಿತ್ತು.’

ಅವರು ಹೋದ ಮೇಲೆ ಲೋಟ ತೊಳೆದಿಟ್ಟೆ. ಗುರುಮಲ್ಲಪ್ಪನವರ ನಂಬರಿಗಾಗಿ ಹಳೆಯ ಡೈರಿ ಹುಡುಕಿದೆ. ಎಂಬತ್ತು ದಾಟಿದೆ, ಕಿವಿ ಮಂದ, ಕೈಯಲ್ಲಿ ಭೂತಗನ್ನಡಿ ಇಲ್ಲದೆ ಪೇಪರ್ ಓದಲಾಗುವುದಿಲ್ಲ ಎಂದು ಕೇಳಿದ್ದೆ. ಅವರೇ ಫೋನ್ ಎತ್ತಿದರು. ನಾನು ವನಜಾಕ್ಷಿ, ಕಚೇರಿಯವಳು ಎಂದು ಮೂರು ಸಲ ಹೇಳಬೇಕಾಯಿತು. ಆಮೇಲೆ ನಡೆದದ್ದನ್ನೆಲ್ಲ, ಖಾಲಿ ಬಿಟ್ಟ ಅರ್ಜಿಯಿಂದ ಹಿಡಿದು ಬಾವಿಯ ಪಕ್ಕದ ಕಲ್ಲಿನವರೆಗೆ, ಗಟ್ಟಿಯಾಗಿ ಕೂಗಿ ಹೇಳಿದೆ. ಪಕ್ಕದ ಮನೆಯವರಿಗೂ ಕೇಳಿಸಿರಬೇಕು. ಈ ತಪ್ಪನ್ನು ಪಿಸುಗುಟ್ಟಿ ಹೇಳುವ ಅನುಕೂಲ ನನಗಿರಲಿಲ್ಲ.

ಫೋನ್ ಕಟ್ಟಾಯಿತೇನೋ ಎಂದು ನೋಡಿದೆ.

‘ಐದನೆಯವ್ರು ಇದ್ರು ಅನ್ನಿ’ ಎಂದರು.

‘ಇದ್ರು ಸಾರ್. ನಾನೇ ತೆಗ್ದು ಪಾಲಿಗೆ ಹಾಕ್ದೆ.’

‘ನನ್ ವಿಷಯ ಯಾರಿಗೂ ಬೇಡ್ವಾಯ್ತು ಅಂದ್ಕೊಂಡೇ ಮನೆಗೆ ಬಂದೆ ಕಣ್ರಮ್ಮ. ಅವತ್ತಿಂದ ಒಂದು ಅಚ್ಚೂ ಬಿಚ್ಚಿ ನೋಡಿಲ್ಲ.’

ತಪ್ಪಾಯ್ತು ಸಾರ್ ಎಂದೆ. ಕೇಳಿಸಿತೋ ಇಲ್ಲವೋ.

ಆಮೇಲೆ, ‘ಆ ಕಲ್ಲಿನ ಫೋಟೋ ತರೋಕ್ ಹೇಳಿ. ಇಲ್ಲೇ ಓದಿ ಹೇಳ್ಬುಡ್ತೀನಿ’ ಎಂದರು.

‘ನೀವು ಓದೋದು ಬೇಡ್ವಂತೆ ಸಾರ್. ಅವರೇ ಓದ್ಬೇಕಂತೆ.’

ಒಳಗೆ ಯಾರನ್ನೋ ಕರೆದು ಅಟ್ಟದ ಮೇಲಿನ ಟ್ರಂಕು ಇಳಿಸಲು ಹೇಳುತ್ತಿದ್ದದ್ದು ಕೇಳಿಸಿತು. ಒಳಗಿನವರು ಏಣಿ ಎಲ್ಲಿದೆ ಎಂದು ಕೇಳಿದರು, ಮೇಷ್ಟ್ರು ಅದಕ್ಕೆ ರೇಗಿದರು. ನಾನು ಕಾದೆ.

ತಿರುಗಿ ಫೋನಿಗೆ ಬಂದಾಗ ಏದುಸಿರು ಬಿಡುತ್ತಿದ್ದರು. ‘ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಕಳಿಸಿ. ಫೋಟೋ ಈಗ ಬೇಡ, ಅದು ಕೊನೇಲಿ. ಮೊದ್ಲು ಅಕ್ಷರ. ಇನ್ನೂರು ಪುಟದ ನೋಟ್‌ಬುಕ್ ತರ್ಲಿ, ಗೆರೆ ಇಲ್ದಿರೋದು.’